ಮನೆ ಮೂರಾಯಿತು, ಅಂಗಳವೇನಾಯಿತು?

ಕೂಡುಕುಟುಂಬ ಒಡೆದು ಪಾಲಾಗುವಾಗ ಹೊಲಗದ್ದೆ, ಒಡವೆ, ಪಾತ್ರೆಪಡಗಗಳ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಮಕ್ಕಳು ಆಡುತ್ತಿದ್ದ ಅಂಗಳ ಯಾರ ಪಾಲಿಗೆ ಹೋಯಿತೆಂದು ಕೇಳುವವರು ವಿರಳ. ವಿಶ್ವವಿದ್ಯಾಲಯಗಳ ಪಾಲುಪಟ್ಟಿಯಲ್ಲಿಯೂ ಇದೇ ನಡೆಯುತ್ತದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಮೂರಾಗಿ ಒಡೆದಾಗ ಪರೀಕ್ಷೆ, ಪದವಿಪತ್ರ, ಕಟ್ಟಡ, ನೌಕರವರ್ಗ ಇವುಗಳ ವಿಚಾರವಾಗಿ ಬೇಕಾದಷ್ಟು ಚರ್ಚೆ ನಡೆಯಿತು. ಕಾಲೇಜು ಕ್ರೀಡೆಯ ಗತಿಯೇನು ಎಂಬ ಮಾತು ಮಾತ್ರ ದೈಹಿಕ ಶಿಕ್ಷಣ ನಿರ್ದೇಶಕರ ಕೊಠಡಿಯನ್ನು ದಾಟಿ ಅಷ್ಟಾಗಿ ಹೊರಗೆ ಬರಲಿಲ್ಲ.

ಬಸವೇಶ್ವರನಗರ, ರಾಜಾಜಿನಗರ, ವಿಜಯನಗರಗಳಂತಹ ಬಡಾವಣೆಗಳ ಸಾಮಾನ್ಯ ಕುಟುಂಬಗಳಿಗೆ ಇದು ದೂರದ ಪ್ರಶ್ನೆಯಲ್ಲ. ಮನೆಗೆ ಹತ್ತಿರವೆಂದೋ, ಶುಲ್ಕ ಕಡಿಮೆಯೆಂದೋ ಮಕ್ಕಳನ್ನು ಸೇರಿಸುವ ಸಣ್ಣ ಕಾಲೇಜುಗಳೇ ಈ ಭಾಗದಲ್ಲಿ ಹೆಚ್ಚು. ಮೂರಂತಸ್ತಿನ ಕಟ್ಟಡ, ಅದರ ಮುಂದೆ ದ್ವಿಚಕ್ರ ವಾಹನಗಳ ಸಾಲು. ಮೈದಾನವೆಂಬುದು ಪ್ರವೇಶ ಪತ್ರದ ಮೇಲಿನ ಕ್ರೀಡಾಶುಲ್ಕದಲ್ಲಿ ಮಾತ್ರ. ಅಂತಹ ಕಾಲೇಜಿನ ಹುಡುಗನೊಬ್ಬ ಮುಂಜಾನೆ ಪಾಲಿಕೆಯ ಆಟದ ಬಯಲಿನಲ್ಲಿ ಕಬಡ್ಡಿ ಅಭ್ಯಾಸ ಮಾಡುತ್ತಿದ್ದರೆ, ಅವನ ಕಣ್ಣು ನೆಟ್ಟಿರುವುದು ಒಂದು ಅಂಗಿಯ ಮೇಲೆ: ವಿಶ್ವವಿದ್ಯಾಲಯದ ಹೆಸರು ಬರೆದ ಅಂಗಿ.

ಅಂಗಿಯ ಬೆಲೆ

ಈ ಅಂಗಿಯ ಬೆಲೆಯನ್ನು ತಿಳಿಯಬೇಕಾದರೆ ಕ್ರೀಡೆಯ ಏಣಿಯನ್ನು ನೋಡಬೇಕು. ಮೊದಲ ಮೆಟ್ಟಿಲು ಅಂತರ ಕಾಲೇಜು ಪಂದ್ಯ. ಅಲ್ಲಿ ಮಿಂಚಿದವರಿಂದ ವಿಶ್ವವಿದ್ಯಾಲಯದ ತಂಡ ರೂಪುಗೊಳ್ಳುತ್ತದೆ. ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ಏರ್ಪಡಿಸುವ ದಕ್ಷಿಣ ವಲಯದ ಪಂದ್ಯಾವಳಿಗೆ ಹೋಗುತ್ತದೆ. ಅಲ್ಲಿ ಮುಂಚೂಣಿಯಲ್ಲಿ ನಿಂತವರಿಗೆ ಅಖಿಲ ಭಾರತ ಮಟ್ಟದ ಬಾಗಿಲು ತೆರೆಯುತ್ತದೆ. ಕೇಂದ್ರ ಸರ್ಕಾರವು ಕ್ರೀಡಾಪಟುಗಳನ್ನು ನೇಮಿಸಿಕೊಳ್ಳುವ ನಿಯಮಗಳಲ್ಲಿ, ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ತಮ್ಮ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರನ್ನೂ ಅರ್ಹರೆಂದು ಪರಿಗಣಿಸಲಾಗಿದೆ. ಪದಕ ಬಾರದಿದ್ದರೂ, ಆಡಿದ ಪ್ರಮಾಣಪತ್ರ ಒಂದು ಸಂಸಾರಕ್ಕೆ ಆಧಾರವಾಗಬಲ್ಲದು. ಆದುದರಿಂದ ಯಾವ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿತು ಎಂಬುದು ಬರಿಯ ಕಚೇರಿಯ ಕಡತದ ವಿಷಯವಲ್ಲ.

ಪಾಲಾಗುತ್ತ ಬಂದ ಮನೆತನ

ಈ ಒಡೆಯುವಿಕೆ ಒಂದೇ ದಿನದ್ದಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಮಡಿಲಿಗೆ ಬಂದಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿ ವೈದ್ಯಕೀಯ ಕಾಲೇಜುಗಳನ್ನು ಕರೆದುಕೊಂಡಿತು. 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂಜಿನಿಯರಿಂಗ್ ಕಾಲೇಜುಗಳನ್ನು ಸೇರಿಸಿಕೊಂಡಿತು. ಅಷ್ಟಾದರೂ ಆರುನೂರಕ್ಕೂ ಮಿಕ್ಕಿದ ಕಾಲೇಜುಗಳ ಭಾರ ಬೆಂಗಳೂರು ವಿಶ್ವವಿದ್ಯಾಲಯದ ಮೇಲೆಯೇ ಉಳಿದಿತ್ತು. ಆ ಭಾರವನ್ನು ಇಳಿಸಲೆಂದೇ 2017ರ ವಿಭಜನೆ. ಜ್ಞಾನಭಾರತಿಯ ಆವರಣ ಮೂಲ ಸಂಸ್ಥೆಗೆ ಉಳಿಯಿತು. ಸೆಂಟ್ರಲ್ ಕಾಲೇಜಿನ ಆವರಣದಲ್ಲಿ, ಮುಂದೆ ಬೆಂಗಳೂರು ನಗರ ವಿಶ್ವವಿದ್ಯಾಲಯವೆಂದು ಹೆಸರಾದ ಕೇಂದ್ರ ವಿಶ್ವವಿದ್ಯಾಲಯ ತಲೆಯೆತ್ತಿತು. ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ನೆಲೆಗೊಂಡಿತು.

ಇದರ ನಡುವೆ ಇನ್ನೊಂದು ಬಗೆಯ ವಲಸೆಯೂ ನಡೆದಿತ್ತು. 2008ರಲ್ಲಿ ಕ್ರೈಸ್ಟ್ ಮತ್ತು ಜೈನ್ ಸಂಸ್ಥೆಗಳು ಪರಿಗಣಿತ ವಿಶ್ವವಿದ್ಯಾಲಯಗಳ ಮನ್ನಣೆ ಪಡೆದವು. 2022ರಲ್ಲಿ ಸೇಂಟ್ ಜೋಸೆಫ್ಸ್ ಕಾಲೇಜು ಸಹ ವಿಶ್ವವಿದ್ಯಾಲಯವಾಯಿತು. ಹಣಬಲ, ಮೈದಾನ, ತರಬೇತುದಾರರು ಉಳ್ಳ ಕಾಲೇಜು ತಾನೇ ವಿಶ್ವವಿದ್ಯಾಲಯವಾದಾಗ ತನ್ನ ಹೆಸರಿನಲ್ಲಿಯೇ ನೇರವಾಗಿ ವಲಯದ ಪಂದ್ಯಕ್ಕೆ ತಂಡ ಕಳುಹಿಸಬಹುದು. ಇದರ ಫಲ 2022ರಲ್ಲಿ ಕಣ್ಣಿಗೆ ಕಂಡಿತು: ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ನಡೆಸಿಕೊಟ್ಟುದೂ ಜೈನ್ ವಿಶ್ವವಿದ್ಯಾಲಯವೇ, ಪದಕಪಟ್ಟಿಯ ತುದಿಯಲ್ಲಿ ನಿಂತುದೂ ಅದೇ.

ಲಾಭವೇ, ನಷ್ಟವೇ?

ಹಾಗಾದರೆ ಹಿಂದೆ ಉಳಿದ ಸಣ್ಣ ಕಾಲೇಜುಗಳ ಪಾಡೇನು? ಉತ್ತರ ಒಂದೇ ಮಾತಿನಲ್ಲಿ ಮುಗಿಯುವಂತಹುದಲ್ಲ.

ಒಂದು ಕಡೆಯಿಂದ ನೋಡಿದರೆ ಇದು ಭಾಗ್ಯವೇ ಸರಿ. ಕಬಡ್ಡಿ ತಂಡವೊಂದಕ್ಕೆ ಹನ್ನೆರಡು ಮಂದಿ. ವಿಶ್ವವಿದ್ಯಾಲಯ ಒಂದಾಗಿದ್ದಾಗ ಆರುನೂರು ಕಾಲೇಜುಗಳ ಆಟಗಾರರಲ್ಲಿ ಹನ್ನೆರಡು ಮಂದಿಗೆ ಮಾತ್ರ ಅಂಗಿ. ಮೂರಾದ ಮೇಲೆ ಮೂವತ್ತಾರು ಮಂದಿಗೆ. ಬಲಿಷ್ಠ ಕಾಲೇಜುಗಳು ಹೊರನಡೆದುದರಿಂದ ಸ್ಪರ್ಧೆಯೂ ಸಡಿಲವಾಯಿತು. ಹಿಂದೆ ಮೊದಲ ಸುತ್ತಿನಲ್ಲಿಯೇ ಮನೆಗೆ ಮರಳುತ್ತಿದ್ದ ಕಾಲೇಜು ಈಗ ಉಪಾಂತ್ಯದ ಕನಸನ್ನಾದರೂ ಕಾಣಬಹುದು.

ಆದರೆ ಸಡಿಲವಾದ ಸ್ಪರ್ಧೆಯಲ್ಲಿ ಗೆದ್ದವನು ಗಟ್ಟಿಗನಾಗುವುದು ಹೇಗೆ? ಕ್ರೀಡಾಪಟು ಬೆಳೆಯುವುದು ತನಗಿಂತ ಬಲ್ಲಿದರೊಡನೆ ಸೆಣಸಿ. ಕ್ರೈಸ್ಟ್, ಜೈನ್, ಸೇಂಟ್ ಜೋಸೆಫ್ಸ್‌ಗಳಂತಹವರೊಡನೆ ವರ್ಷವರ್ಷವೂ ಎದುರಾಗುವ ಅವಕಾಶವಿದ್ದ ಸಣ್ಣ ಕಾಲೇಜಿನ ಹುಡುಗ ಈಗ ಅವರನ್ನು ಕಾಣುವುದು ವಲಯದ ಪಂದ್ಯದಲ್ಲಿಯೇ. ಅದೂ ವರ್ಷಕ್ಕೊಮ್ಮೆ, ಸೋತರೆ ಮರುದಿನವೇ ರೈಲು ಹತ್ತಬೇಕಾದ ಕಣದಲ್ಲಿ. ಹಣದ ಮಾತೂ ಉಂಟು. ವಿಶ್ವವಿದ್ಯಾಲಯದ ಕ್ರೀಡಾನಿಧಿಗೆ ಆಧಾರ ವಿದ್ಯಾರ್ಥಿಗಳ ಶುಲ್ಕ. ಕಾಲೇಜುಗಳು ಮೂರು ಪಾಲಾದಾಗ ನಿಧಿಯೂ ಪಾಲಾಗುತ್ತದೆ. ಆದರೆ ತಂಡಗಳ ಪ್ರಯಾಣ, ಊಟ, ವಸತಿ, ಸಮವಸ್ತ್ರ, ತರಬೇತಿ ಶಿಬಿರಗಳ ಖರ್ಚು ಮೂರು ಕಡೆಯೂ ಪೂರ್ಣವಾಗಿಯೇ ಬೀಳುತ್ತದೆ. ಒಂದು ಓಟದ ಪಥವನ್ನು ಮೂರು ತುಂಡು ಮಾಡಿ ಹಂಚಲಾಗದಷ್ಟೆ!

ಕಡಲಾಚೆಯ ಪಾಠ

ಇಂತಹ ಪಲ್ಲಟ ನಮ್ಮಲ್ಲಿ ಮಾತ್ರ ಆದುದಲ್ಲ. ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳು ಕ್ರೀಡೆಗಾಗಿಯೇ ಕೂಟಗಳನ್ನು ಕಟ್ಟಿಕೊಂಡಿರುತ್ತವೆ. ಪಶ್ಚಿಮ ಕರಾವಳಿಯ ‘ಪ್ಯಾಕ್-12’ ಕೂಟದ ಬೇರು 1915ರಷ್ಟು ಹಳೆಯದು. ಟೆಲಿವಿಷನ್ ಪ್ರಸಾರದ ಹಣದ ಸೆಳೆತಕ್ಕೆ ಸಿಕ್ಕಿ 2024ರಲ್ಲಿ ಅದರ ಹನ್ನೆರಡು ಸದಸ್ಯರಲ್ಲಿ ಹತ್ತು ವಿಶ್ವವಿದ್ಯಾಲಯಗಳು ಬೇರೆ ಕೂಟಗಳಿಗೆ ನಡೆದುಬಿಟ್ಟವು. ಹಿಂದೆ ಉಳಿದವು ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎಂಬ ಎರಡೇ. ಹೋದವರಿಗೂ ಸುಖವೆಲ್ಲಿ? ಲಾಸ್ ಏಂಜಲೀಸ್‌ನ ತಂಡ ಇಡೀ ಖಂಡವನ್ನು ದಾಟಿ ನ್ಯೂಜೆರ್ಸಿಯಲ್ಲಿ ಆಡಬೇಕು. ಹಣ ತರುವುದು ಫುಟ್‌ಬಾಲ್; ಆ ದೂರದ ದಣಿವನ್ನು ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರೂ ಹೊರಬೇಕು. ಅಲ್ಲಿ ಒಡೆದುದು ಹಣಕ್ಕಾಗಿ, ಇಲ್ಲಿ ಆಡಳಿತದ ಅನುಕೂಲಕ್ಕಾಗಿ. ಎರಡು ಕಡೆಯೂ ನಿರ್ಧಾರದ ವೇಳೆ ಆಟಗಾರನನ್ನು ನೆನೆದವರು ಕಡಿಮೆ.

ಈ ಕಥೆ ಬೆಂಗಳೂರಿಗೇ ಮುಗಿದಿಲ್ಲ. 2023ರ ಹೊತ್ತಿಗೆ ರಾಜ್ಯದಲ್ಲಿ ಮತ್ತೂ ಏಳು ವಿಶ್ವವಿದ್ಯಾಲಯಗಳು ಬಂದವು. ಅವುಗಳಲ್ಲೊಂದು, ಮಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟ ಕೊಡಗು ವಿಶ್ವವಿದ್ಯಾಲಯ. ಹಾಕಿಯ ತವರಾದ ಕೊಡಗಿನ ಕಾಲೇಜುಗಳು ಹೊರಟುಹೋದರೆ ಮಂಗಳೂರಿನ ಹಾಕಿ ತಂಡಕ್ಕೆ ಎಷ್ಟು ಕೊರತೆಯೆಂಬುದನ್ನು ಬೇರೆ ಹೇಳಬೇಕಿಲ್ಲ. ಅತ್ತ ಕೊಡಗಿನ ಓಟಗಾರನಿಗೆ ಕರಾವಳಿಯ ಬಲಿಷ್ಠ ಅಥ್ಲೀಟುಗಳ ಸಹವಾಸ ತಪ್ಪಿತು. ಸಾಲದೆಂಬಂತೆ, 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು ಸಲಹೆಯಿತ್ತಿತು. ಒಡೆದುದನ್ನು ಮತ್ತೆ ಕೂಡಿಸಿದರೆ, ನಡುವೆ ಸಿಲುಕಿದ ವಿದ್ಯಾರ್ಥಿ ಯಾವ ಅಂಗಿ ತೊಡಬೇಕು?

ಗಡಿಗಳನ್ನು ಗೀಚುವವರು ಗೀಚಲಿ. ಆಟಕ್ಕೆ ಗಡಿ ಬೇಕೇ ಎಂದು ಕೇಳುವ ಹಕ್ಕು ತಂದೆತಾಯಿಗಳಿಗೆ ಇದ್ದೇ ಇದೆ. ಬೆಂಗಳೂರಿನ ಮೂರು ವಿಶ್ವವಿದ್ಯಾಲಯಗಳೂ ನಗರದ ಖಾಸಗಿ ವಿಶ್ವವಿದ್ಯಾಲಯಗಳೂ ಕೂಡಿ ವರ್ಷಕ್ಕೊಮ್ಮೆ ಎಲ್ಲ ಕಾಲೇಜುಗಳಿಗೂ ತೆರೆದ ಪಂದ್ಯಾವಳಿಯನ್ನು ನಡೆಸಿದರೆ ಸಣ್ಣ ಕಾಲೇಜಿನ ಹುಡುಗನಿಗೆ ಬಲ್ಲಿದರ ಒಡನಾಟ ಮರಳಿ ದೊರೆಯುತ್ತದೆ. ಜ್ಞಾನಭಾರತಿಯ ವಿಶಾಲ ಆವರಣ ಪಶ್ಚಿಮ ಬೆಂಗಳೂರಿನ ಮಗ್ಗುಲಲ್ಲಿಯೇ ಇದೆ. ಮೈದಾನವಿಲ್ಲದ ಕಾಲೇಜುಗಳಿಗೆ ಸರದಿಯ ಮೇಲೆ ಅಲ್ಲಿ ಅಭ್ಯಾಸದ ವೇಳೆ ಗೊತ್ತುಮಾಡುವುದು ಅಸಾಧ್ಯವೇನಲ್ಲ. ಇವುಗಳಿಗೆ ಹೊಸ ಕಾನೂನು ಬೇಕಾಗಿಲ್ಲ; ಕುಲಸಚಿವರುಗಳ ನಡುವೆ ಒಂದು ಪತ್ರವ್ಯವಹಾರ ಸಾಕು. ಮುಂದಿನ ಜೂನ್ ತಿಂಗಳಲ್ಲಿ ಕ್ರೀಡಾಶುಲ್ಕದ ರಸೀತಿಯನ್ನು ಪಡೆಯುವ ಪ್ರತಿಯೊಬ್ಬ ತಂದೆಯೂ, ಈ ಹಣ ಯಾವ ಮೈದಾನಕ್ಕೆ ಹೋಗುತ್ತದೆ ಸ್ವಾಮಿ, ಎಂದು ಒಂದು ಮಾತು ಕೇಳಿದರೆ ಆ ಪತ್ರ ಬೇಗನೆ ಹೊರಡಬಹುದು.