ಕಪ್ಪೆಯ ಚರ್ಮವೂ ಮೂತ್ರಪಿಂಡವೂ

ಮನುಷ್ಯನ ಮೂತ್ರಪಿಂಡಗಳಲ್ಲಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವು ರಕ್ತದಿಂದ ಸೋಸಲ್ಪಡುವುದು. ಮೂತ್ರವಾಗಿ ಹೊರಬೀಳುವುದಾದರೋ ಒಂದೆರಡು ಲೀಟರು ಮಾತ್ರ. ಉಳಿದ ನೀರನ್ನೂ ಲವಣದ ಬಹುಭಾಗವನ್ನೂ ಸೂಕ್ಷ್ಮನಾಳಗಳ ಒಳಗೋಡೆಯ ಜೀವಕೋಶಗಳು ರಕ್ತಕ್ಕೆ ಮರಳಿಸುವುವು. ಅಷ್ಟು ಕಿರಿದಾದ ನಾಳದಲ್ಲಿ ಈ ಕಾರ್ಯವನ್ನು ಅಳೆಯುವುದು ಸುಲಭವಲ್ಲ. ಆದುದರಿಂದ, ಕೆರೆಯ ಸಪ್ಪೆನೀರಿನಿಂದಲೂ ಲವಣವನ್ನು ಸೆಳೆದುಕೊಳ್ಳಬಲ್ಲ ಕಪ್ಪೆಯ ಚರ್ಮವನ್ನು ಶಾಸ್ತ್ರಜ್ಞರು ಆಶ್ರಯಿಸಿದರು.

ಡೆನ್ಮಾರ್ಕಿನ ಹಾನ್ಸ್ ಉಸಿಂಗ್ ಎಂಬವರು ಜೆರಾನ್ ಎಂಬವರೊಡನೆ 1951ರಲ್ಲಿ ಪ್ರಕಟಿಸಿದ ಪ್ರಯೋಗವು ಹೀಗಿದೆ: ಚರ್ಮದ ಎರಡು ಪಕ್ಕಗಳಲ್ಲಿಯೂ ಒಂದೇ ಬಗೆಯ ಲವಣದ್ರಾವಣವನ್ನಿರಿಸಿ, ಅವುಗಳ ನಡುವಣ ವಿದ್ಯುದ್ವಿಭವದ ಅಂತರವನ್ನು ಹೊರಗಿನ ಪ್ರವಾಹದಿಂದ ಶೂನ್ಯಗೊಳಿಸಿದರು. ಆಗ ಸೋಡಿಯಮ್ಮನ್ನು ನೂಕುವ ಹೊರಬಲವಾವುದೂ ಉಳಿಯಲಿಲ್ಲ. ಆದರೂ ಅದು ಒಳಮುಖವಾಗಿ ಹರಿಯಿತು. ಆ ಹರಿವು ವಿದ್ಯುತ್ಪ್ರವಾಹಕ್ಕೆ ಸಮನಾಗಿತ್ತು. ಜೀವಕೋಶವೇ ತನ್ನ ಶಕ್ತಿಯನ್ನು ವ್ಯಯಮಾಡಿ ಲವಣವನ್ನು ಸಾಗಿಸುವುದೆಂದು ಇದರಿಂದ ಸಿದ್ಧವಾಯಿತು. ಕೋಶದ ಹೊರಪೊರೆಯಲ್ಲಿ ಸೋಡಿಯಂ ತಾನಾಗಿ ಒಳಹೊಗುವುದೆಂದೂ, ಒಳಪಕ್ಕದ ಪೊರೆಯಲ್ಲಿ ಪಂಪೊಂದು ಅದನ್ನು ರಕ್ತದತ್ತ ನೂಕುವುದೆಂದೂ 1958ರಲ್ಲಿ ನಿರೂಪಿತವಾಯಿತು.

ಮೂತ್ರಪಿಂಡದ ನಾಳಗಳ ಕೊನೆಯ ಭಾಗದಲ್ಲಿಯೂ ಕ್ರಮವು ಇದೇ. ಲಿಡ್ಲ್ ಎಂಬ ಆನುವಂಶಿಕ ರೋಗದಲ್ಲಿ ಅಲ್ಲಿಯ ಸೋಡಿಯಂ ದ್ವಾರಗಳು ಮಿತಿಮೀರಿ ಕೆಲಸಮಾಡುವುದರಿಂದ ಲವಣವು ದೇಹದಲ್ಲಿ ನಿಂತು, ಎಳೆಯ ವಯಸ್ಸಿನಲ್ಲಿಯೇ ರಕ್ತದೊತ್ತಡವು ಏರುವುದು. ಕಪ್ಪೆಯ ಚರ್ಮದಲ್ಲಿ ಸೋಡಿಯಮ್ಮಿನ ಪ್ರವೇಶವನ್ನು ತಡೆಯುವ ಅಮಿಲೊರೈಡ್ ಎಂಬ ಔಷಧವೇ ಈ ರೋಗಿಗಳಿಗೂ ಉಪಶಮನವನ್ನು ಕೊಡುವುದು.