ತಲೆಗೆ ಬಿದ್ದ ಪೆಟ್ಟು ಯಾರ ಹೊಣೆ?

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ತಾಲ್ಲೂಕುಗಳು ದಕ್ಷಿಣದಿಂದ ಉತ್ತರಕ್ಕೆ ಒಂದರ ಪಕ್ಕದಲ್ಲೊಂದು ಸಾಲಾಗಿವೆ. ಮಳೆಗಾಲ ಕಳೆದು, ಭತ್ತದ ಕೊಯ್ಲು ಮುಗಿದು, ಗದ್ದೆಯ ನೆಲ ಗಟ್ಟಿಯಾಯಿತೆಂದರೆ ಇಲ್ಲಿ ಆಟದ ಕಾಲ ಆರಂಭವಾಯಿತೆಂದೇ ಅರ್ಥ. ಊರೂರಿನ ಯುವಕ ಸಂಘಗಳು ಗದ್ದೆಯ ನಡುವೆ ಕಂಬ ನೆಟ್ಟು, ದೀಪ ಕಟ್ಟಿ, ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಗಳನ್ನು ಏರ್ಪಡಿಸುತ್ತವೆ. ಕಡಲತೀರದ ಮರಳಿನ ಮೇಲೆ ಸಂಜೆಯ ಹೊತ್ತು ಹುಡುಗರು ಫುಟ್‌ಬಾಲ್ ಆಡುತ್ತಾರೆ. ಕುಮಟೆಯ ಮಣಕಿ ಮೈದಾನದಂತಹ ಬಯಲುಗಳಲ್ಲಿ ಕ್ರೀಡಾಕೂಟಗಳು ನಡೆಯುತ್ತವೆ. ಇಂತಹ ಆಟಗಳಲ್ಲಿ ಮೊಣಕಾಲು ತರಚುವುದು, ಬೆರಳು ಉಳುಕುವುದು ಸಾಮಾನ್ಯ. ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಇಡಬೇಕಾಗಿಯೂ ಇಲ್ಲ. ಆದರೆ ತಲೆಗೆ ಬಿದ್ದ ಪೆಟ್ಟಿನ ಮಾತೇ ಬೇರೆ.

ಮನುಷ್ಯನ ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋಗ್ರಾಂ. ಅದು ಅತ್ಯಂತ ಮೃದುವಾದ ಅಂಗ. ಎಳನೀರನ್ನು ಒಡೆದಾಗ ಒಳಗೆ ಸಿಕ್ಕುವ ಎಳೆಯ ತಿರುಳನ್ನು ನೆನೆದುಕೊಂಡರೆ ಅದರ ಮೃದುತ್ವದ ಕಲ್ಪನೆ ಬರಬಹುದು. ಈ ಮೃದುವಾದ ಅಂಗದ ಸುತ್ತ ಗಟ್ಟಿಯಾದ ತಲೆಬುರುಡೆಯ ಕೋಟೆಯಿದೆ. ಕೋಟೆಗೂ ಅಂಗಕ್ಕೂ ನಡುವೆ ಪೊರೆಗಳೂ ನೀರಿನಂತಹ ದ್ರವವೂ ಇವೆ. ಓಡುತ್ತಿರುವ ಆಟಗಾರನ ತಲೆ ಮತ್ತೊಬ್ಬನ ಮೊಣಕಾಲಿಗೆ ಬಡಿದಾಗ ಬುರುಡೆಯೇನೋ ಥಟ್ಟನೆ ನಿಲ್ಲುತ್ತದೆ. ಒಳಗಿನ ಮಿದುಳು ಮಾತ್ರ ಅದೇ ಕ್ಷಣ ನಿಲ್ಲದೆ ಮುಂದೆ ಸರಿದು, ತಿರುಚಿಕೊಂಡು, ಹಿಂದೆ ಬರುತ್ತದೆ. ಆಗ ಅದರ ಸೂಕ್ಷ್ಮವಾದ ನರತಂತುಗಳು ಎಳೆಯಲ್ಪಡುತ್ತವೆ. ಹೊರಗೆ ರಕ್ತವಿಲ್ಲ, ಬಾವು ಇಲ್ಲ. ಆದರೂ ಮಿದುಳಿನ ಕೆಲಸ ಅಸ್ತವ್ಯಸ್ತವಾಗುತ್ತದೆ. ವೈದ್ಯರು ಇದನ್ನು ಕನ್‌ಕಷನ್ ಎನ್ನುತ್ತಾರೆ. ಶಿರಸ್ತ್ರಾಣ ಬುರುಡೆ ಒಡೆಯದಂತೆ ಕಾಯಬಲ್ಲುದೇ ಹೊರತು ಒಳಗಿನ ಈ ಅಲುಗಾಟವನ್ನು ಪೂರ್ತಿಯಾಗಿ ತಡೆಯಲಾರದು.

ಪೆಟ್ಟು ತಿಂದವನು ಮೂರ್ಛೆ ಹೋಗಲಿಲ್ಲ, ಆದ್ದರಿಂದ ಏನೂ ಆಗಿಲ್ಲ ಎಂದು ಜನ ತಿಳಿಯುತ್ತಾರೆ. ಇದು ಅಪಾಯಕರವಾದ ತಪ್ಪು ತಿಳಿವಳಿಕೆ. ಕನ್‌ಕಷನ್ ಆದವರಲ್ಲಿ ಹೆಚ್ಚಿನವರು ಪ್ರಜ್ಞೆ ತಪ್ಪುವುದೇ ಇಲ್ಲ. ಅವರು ಎದ್ದು ನಿಲ್ಲುತ್ತಾರೆ, ಮೈಯ ಧೂಳು ಕೊಡವಿಕೊಳ್ಳುತ್ತಾರೆ, 'ಆಡುತ್ತೇನೆ' ಎನ್ನುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅಂಕವೆಷ್ಟಾಯಿತೆಂದು ಎರಡೆರಡು ಬಾರಿ ಕೇಳುತ್ತಾರೆ. ತಲೆ ಸುತ್ತುತ್ತದೆ, ಬೆಳಕು ಕಣ್ಣಿಗೆ ಚುಚ್ಚುತ್ತದೆ, ವಾಕರಿಕೆ ಬರುತ್ತದೆ. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದರೂ ಕನ್‌ಕಷನ್ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆ ಚಿತ್ರವನ್ನು ತೆಗೆಯುವುದು ಇನ್ನೂ ಭೀಕರವಾದ ಮತ್ತೊಂದನ್ನು ಹುಡುಕುವುದಕ್ಕಾಗಿ. ಅದೇ ಒಳರಕ್ತಸ್ರಾವ.

ಕಿವಿಗೂ ಹುಬ್ಬಿಗೂ ನಡುವೆ ಇರುವ ಕಣತಲೆಯ ಎಲುಬು ಬುರುಡೆಯ ಉಳಿದ ಭಾಗಗಳಿಗಿಂತ ತೆಳು. ಅದರ ಒಳಮೈಗೆ ಅಂಟಿಕೊಂಡಂತೆ ಒಂದು ಅಪಧಮನಿ ಹರಿಯುತ್ತದೆ. ಎಲುಬು ಬಿರುಕು ಬಿಟ್ಟು ಈ ನಾಳ ಹರಿದರೆ ರಕ್ತವು ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ಸಂಗ್ರಹವಾಗತೊಡಗುತ್ತದೆ. ಮೊದಮೊದಲು ರೋಗಿ ಮಾತನಾಡುತ್ತಾನೆ, ನಡೆಯುತ್ತಾನೆ, ನೀರು ಕೇಳಿ ಕುಡಿಯುತ್ತಾನೆ. ಒಳಗೆ ರಕ್ತದ ಒತ್ತಡ ಏರಿದಂತೆ ತಲೆನೋವು ಹೆಚ್ಚಿ, ವಾಂತಿಯಾಗಿ, ಮಂಪರು ಕವಿದು, ಕೆಲವೇ ಗಂಟೆಗಳಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ, ಪ್ರಜ್ಞೆ ತಪ್ಪುತ್ತದೆ. ನಡುವಿನ ಈ ನೆಮ್ಮದಿಯ ಅವಧಿ ಎಷ್ಟು ಜನರನ್ನು ಮೋಸಗೊಳಿಸಿದೆಯೋ! 'ದಣಿದಿದ್ದಾನೆ, ಮಲಗಲಿ' ಎಂದು ಮನೆಯವರು ಹೊದಿಕೆ ಹೊದಿಸುವುದು ಇದೇ ಹೊತ್ತಿನಲ್ಲಿ.

ಭಾರತದ ಪರವಾಗಿ ಟೆಸ್ಟ್ ಪಂದ್ಯಗಳನ್ನು ಆಡಿದ್ದ ರಮಣ್ ಲಾಂಬಾ ಅವರ ಸಾವು ಇದಕ್ಕೆ ಹತ್ತಿರವಾದ ಉದಾಹರಣೆ. 1998ರ ಫೆಬ್ರವರಿಯಲ್ಲಿ ಢಾಕಾ ನಗರದ ಒಂದು ಕ್ಲಬ್ ಪಂದ್ಯದಲ್ಲಿ ಅವರು ಬ್ಯಾಟುಗಾರನ ತೀರ ಸಮೀಪದಲ್ಲಿ ಶಿರಸ್ತ್ರಾಣವಿಲ್ಲದೆ ಕ್ಷೇತ್ರರಕ್ಷಣೆಗೆ ನಿಂತಿದ್ದರು. ಓವರಿನಲ್ಲಿ ಉಳಿದಿದ್ದುದು ಕೆಲವೇ ಎಸೆತ. ಅಷ್ಟಕ್ಕೆ ಶಿರಸ್ತ್ರಾಣವೇಕೆಂದು ಅವರಿಗೆ ತೋರಿತು. ಚೆಂಡು ತಲೆಗೆ ಬಡಿಯಿತು. ಅವರು ತಮ್ಮ ಕಾಲಮೇಲೆಯೇ ನಡೆದು ಮೈದಾನದಿಂದ ಹೊರಗೆ ಹೋದರು. ಆಮೇಲೆ ಪ್ರಜ್ಞೆ ತಪ್ಪಿತು. ಶಸ್ತ್ರಚಿಕಿತ್ಸೆಯಾದರೂ ಮೂರು ದಿನಗಳೊಳಗೆ ಪ್ರಾಣ ಹೋಯಿತು. ಆಗ ಅವರಿಗೆ 38 ವರ್ಷ. ಇದಕ್ಕೆ 36 ವರ್ಷ ಹಿಂದೆ, 1962ರಲ್ಲಿ, ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಅವರ ಚೆಂಡು ಭಾರತ ತಂಡದ ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಗೆ ಅಪ್ಪಳಿಸಿತ್ತು. ವೈದ್ಯರು ಬೇಗನೆ ಶಸ್ತ್ರಚಿಕಿತ್ಸೆ ನಡೆಸಿದರು. ಎದುರಾಳಿ ತಂಡದ ನಾಯಕ ಫ್ರಾಂಕ್ ವೊರೆಲ್ ರಕ್ತ ನೀಡಿದರು. ಕಾಂಟ್ರಾಕ್ಟರ್ ಬದುಕಿದರು, ಆದರೆ ಮತ್ತೆ ಟೆಸ್ಟ್ ಆಡಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಒಂದೇ ಏಟಿನ ಮಾತು. ಸಣ್ಣ ಸಣ್ಣ ಏಟುಗಳು ವರ್ಷಗಟ್ಟಲೆ ಒಂದರ ಮೇಲೊಂದು ಬಿದ್ದರೆ ಏನಾಗುತ್ತದೆ? ಮುಷ್ಟಿಕಾಳಗದವರಲ್ಲಿ ಕಾಣುವ ತೊದಲು ಮಾತು, ತೂರಾಡುವ ನಡಿಗೆ, ಮರೆವುಗಳನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ವಿವರಿಸಿದ್ದರು. ಫುಟ್‌ಬಾಲಿಗೂ ಇದಕ್ಕೂ ಸಂಬಂಧವಿರಬಹುದೆಂದು ಬಹುಕಾಲ ಯಾರೂ ಎಣಿಸಲಿಲ್ಲ. ಇಂಗ್ಲೆಂಡಿನ ಜೆಫ್ ಆಸಲ್ ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಹೆಸರಾಗಿದ್ದ ಆಟಗಾರ. ಅವರು 2002ರಲ್ಲಿ 59ನೆಯ ವಯಸ್ಸಿನಲ್ಲಿ ಮರೆವಿನ ರೋಗದಿಂದ ಸತ್ತಾಗ ಮರಣವಿಚಾರಣೆ ನಡೆಸಿದ ಅಧಿಕಾರಿಯು ಇದು 'ಔದ್ಯೋಗಿಕ ರೋಗ'ದ ಸಾವೆಂದು ನಿರ್ಣಯಿಸಿದನು. ಗಣಿಯ ಕೂಲಿಗೆ ಧೂಳಿನಿಂದ ಶ್ವಾಸಕೋಶ ಕೆಡುವಂತೆ, ಈ ಆಟಗಾರನಿಗೆ ಚೆಂಡಿನಿಂದ ಮಿದುಳು ಕೆಟ್ಟಿತೆಂಬುದು ಅದರ ತಾತ್ಪರ್ಯ. 2019ರಲ್ಲಿ ಗ್ಲಾಸ್ಗೋದ ಸಂಶೋಧಕರು ಸ್ಕಾಟ್‌ಲೆಂಡಿನ 7,676 ಮಂದಿ ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಸಾಮಾನ್ಯ ಜನರ ದಾಖಲೆಗಳೊಡನೆ ಹೋಲಿಸಿ ನೋಡಿದರು. ಮಿದುಳು ಸವೆಯುವ ರೋಗಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿತ್ತು. ಹೃದ್ರೋಗದಿಂದ ಸತ್ತವರು ಅವರಲ್ಲಿ ಕಡಿಮೆ ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಆಟ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿಯುತ್ತದೆ ಎನ್ನಬೇಕೇ? ವಾರಕ್ಕೆ ಎರಡು ದಿನ ಮರಳಿನಲ್ಲಿ ಆಡುವ ಹುಡುಗನು ವೃತ್ತಿಪರನಲ್ಲ. ಈ ಅಂಕಿಗಳನ್ನು ಅವನಿಗೆ ಹಾಗೆಯೇ ಅನ್ವಯಿಸಿ ಹೆದರಿಸುವುದು ಸರಿಯಲ್ಲ.

ಹೊಣೆ ಯಾರದೆಂಬ ಪ್ರಶ್ನೆ ನ್ಯಾಯಾಲಯದವರೆಗೆ ಹೋದದ್ದು ಅಮೆರಿಕದಲ್ಲಿ. ಅಲ್ಲಿನ ಫುಟ್‌ಬಾಲ್ ನಮ್ಮದಕ್ಕಿಂತ ಬೇರೆಯದು, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ಪೆಟ್ಟಿನ ಅಪಾಯ ಗೊತ್ತಿದ್ದೂ ತಮ್ಮಿಂದ ಮುಚ್ಚಿಟ್ಟರೆಂದು ಸಾವಿರಾರು ಮಾಜಿ ಆಟಗಾರರು ಆ ಆಟದ ಸಂಸ್ಥೆಯ ಮೇಲೆ ದಾವೆ ಹೂಡಿದರು. 2015ರಲ್ಲಿ ನ್ಯಾಯಾಲಯ ಪರಿಹಾರದ ಒಪ್ಪಂದವನ್ನು ಅಂಗೀಕರಿಸಿತು. ಅದೇ ವರ್ಷ ಆ ದೇಶದ ಸಾಕರ್ ಸಂಸ್ಥೆಯು 10 ವರ್ಷದವರೆಗಿನ ಮಕ್ಕಳು ತಲೆಯಿಂದ ಚೆಂಡು ಹೊಡೆಯುವುದನ್ನು ನಿಷೇಧಿಸಿತು. ಕ್ರಿಕೆಟಿನಲ್ಲಿ 2019ರಿಂದ, ಕನ್‌ಕಷನ್ ಆದ ಆಟಗಾರನ ಬದಲಿಗೆ ಮತ್ತೊಬ್ಬನನ್ನು ಇಳಿಸಲು ಅಂತರರಾಷ್ಟ್ರೀಯ ನಿಯಮ ಬಂದಿತು. ಸಣ್ಣದಾಗಿ ಕಂಡರೂ ಇದು ಬುದ್ಧಿವಂತಿಕೆಯ ನಿಯಮ. ಹೊರಗೆ ಹೋದರೆ ತಂಡಕ್ಕೆ ಒಬ್ಬ ಕಡಿಮೆಯಾಗುತ್ತಾನೆಂಬ ಅಂಜಿಕೆಯಿಂದಲೇ ಎಷ್ಟೋ ಆಟಗಾರರು ನೋವು ನುಂಗಿಕೊಂಡು ಆಡುತ್ತಿದ್ದರು.

ನಮ್ಮ ರಾಜ್ಯದಲ್ಲಿಯೂ ಈ ಪ್ರಶ್ನೆ ಎದ್ದಿದೆ. 2022ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಒಂದು ಕಿಕ್ ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ಯುವಕನೊಬ್ಬ ತಲೆಗೆ ಏಟು ಬಿದ್ದು ಕುಸಿದನು; ಎರಡು ದಿನಗಳ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡನು. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ತಂದೆತಾಯಿಗಳು ದೂರಿದರು. ಪೊಲೀಸರು ನಿರ್ಲಕ್ಷ್ಯದ ಮೊಕದ್ದಮೆ ದಾಖಲಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ದೂರಿನ ತಿರುಳು ಎದುರಾಳಿ ಏಕೆ ಹೊಡೆದನು ಎಂಬುದಲ್ಲ. ಹೊಡೆತ ಬೀಳುವುದು ಗೊತ್ತಿದ್ದ ಕಡೆ ವೈದ್ಯರೇಕೆ ಸಿದ್ಧರಿರಲಿಲ್ಲ ಎಂಬುದು.

ಕಾನೂನು ಕೂಡ ಇದೇ ಭೇದವನ್ನು ಮಾಡುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 87ನೆಯ ಕಲಮು ಇಬ್ಬರು ವಿನೋದಕ್ಕಾಗಿ ಕತ್ತಿವರಸೆ ಆಡುವ ದೃಷ್ಟಾಂತವನ್ನು ಕೊಟ್ಟಿತ್ತು. ಆಡಲು ಒಪ್ಪಿದವನು ನಿಯಮಬದ್ಧ ಆಟದಲ್ಲಿ ಆಗಬಹುದಾದ ಗಾಯಕ್ಕೂ ಒಪ್ಪಿದಂತೆ; ಆದ್ದರಿಂದ ಮೋಸವಿಲ್ಲದೆ ಆಡಿ ಗಾಯಗೊಳಿಸಿದವನು ಅಪರಾಧಿಯಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 25ನೆಯ ಕಲಮೂ ಇದನ್ನೇ ಹೇಳುತ್ತದೆ. ಆದರೆ ಆ ಒಪ್ಪಿಗೆ 18 ವರ್ಷ ಮೀರಿದವನದಾಗಿರಬೇಕು. ಹೈಸ್ಕೂಲಿನ ಕಬಡ್ಡಿ ತಂಡದಲ್ಲಿ ಆಡುವವರ ವಯಸ್ಸೆಷ್ಟು? ಹದಿಮೂರು, ಹದಿನಾಲ್ಕು, ಹದಿನೈದು. 'ನಾನೇ ಆಡುತ್ತೇನೆಂದೆ' ಎಂಬ ಅವರ ಮಾತಿನ ಮರೆಯಲ್ಲಿ ದೊಡ್ಡವರು ನಿಲ್ಲುವಂತಿಲ್ಲ.

ಅದರಲ್ಲೂ ಈ ಮೂರು ತಾಲ್ಲೂಕುಗಳಲ್ಲಿ ದೊಡ್ಡವರು ಗಮನಿಸಬೇಕಾದ ವಿಶೇಷ ಸಂಗತಿ ದಾರಿಯ ದೂರ. ತಲೆಬುರುಡೆಯನ್ನು ತೆರೆದು ರಕ್ತ ತೆಗೆಯುವ ಶಸ್ತ್ರಚಿಕಿತ್ಸೆಗಾಗಿ ಇಲ್ಲಿಯ ಜನ ಬಹುಕಾಲದಿಂದ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವೆಯ ದಾರಿ ಹಿಡಿಯುತ್ತ ಬಂದಿದ್ದಾರೆ. ಭಟ್ಕಳದಿಂದ ಮಣಿಪಾಲಕ್ಕೆ ತೊಂಬತ್ತು ಕಿಲೋಮೀಟರಿಗೂ ಹೆಚ್ಚು. ಹೊನ್ನಾವರದಿಂದ ಅದಕ್ಕೆ ಇನ್ನೂ ನಲವತ್ತು ಸೇರುತ್ತದೆ. ಕುಮಟೆಯಿಂದ ಮತ್ತೂ ಇಪ್ಪತ್ತು. ಹುಬ್ಬಳ್ಳಿಗೆ ಹೋಗಬೇಕಾದರೆ ಘಟ್ಟ ಹತ್ತಬೇಕು. ಒಳಗೆ ರಕ್ತ ತುಂಬುತ್ತಿರುವ ತಲೆಗೆ ಇದು ಅತಿ ದೀರ್ಘವಾದ ಪಯಣ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಕಟ್ಟೆಯ ಬಳಿ ಮಳೆಯಲ್ಲಿ ಜಾರಿ ಉರುಳಿ ನಾಲ್ವರು ಸತ್ತರು. ಆ ರೋಗಿ ಆಟದಲ್ಲಿ ಗಾಯಗೊಂಡವರಲ್ಲ, ನಿಜ. ಆದರೆ ಆ ದಾರಿ ಎಲ್ಲರಿಗೂ ಒಂದೇ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಆ ದಿನಗಳಲ್ಲಿ ಜಿಲ್ಲೆಯ ಉದ್ದಗಲಕ್ಕೂ ಕೇಳಿಬಂದಿತು. ಗಾಯಾಳುವಿನ ಹೊಣೆಯಲ್ಲಿ ಸರಕಾರದ ಪಾಲೂ ಇದೆ ಎಂಬುದಕ್ಕೆ ಬೇರೆ ವಾದ ಬೇಕಿಲ್ಲ.

ಆದರೆ ಆಸ್ಪತ್ರೆ ದೂರವಿದೆ ಎಂಬುದು ಪಂದ್ಯದ ವ್ಯವಸ್ಥಾಪಕರಿಗೆ ನೆಪವಾಗಕೂಡದು. ದೂರವಿರುವುದರಿಂದಲೇ ಅವರ ಕೆಲಸ ಬೇಗ ಆರಂಭವಾಗಬೇಕು. ಟ್ರೋಫಿ, ಧ್ವನಿವರ್ಧಕ, ಚಪ್ಪರಗಳಿಗೆ ಸಾವಿರಾರು ರೂಪಾಯಿ ಸುರಿಯುವ ಸಂಘವು ಗದ್ದೆಯ ಅಂಚಿನಲ್ಲಿ ಒಂದು ವಾಹನವನ್ನೂ ಅದರ ಚಾಲಕನನ್ನೂ ರಾತ್ರಿಯಿಡೀ ನಿಲ್ಲಿಸಿಕೊಳ್ಳಲಾರದೇ? ನಮ್ಮ ರಾಜ್ಯದಲ್ಲಿ 108ರ ಸೇವೆ 2008ರಲ್ಲಿ ಆರಂಭವಾಗಿದೆ. ಆದರೆ ಕರೆದ ಮೇಲೆ ಅದು ಗದ್ದೆಯ ಬದುವಿನವರೆಗೆ ಬರಲು ದಾರಿಯನ್ನಾದರೂ ತೆರವು ಮಾಡಿಟ್ಟಿರಬೇಕಲ್ಲ. ತಲೆಗೆ ಬಲವಾದ ಪೆಟ್ಟು ಬಿದ್ದವನನ್ನು ಆ ದಿನ ಮತ್ತೆ ಆಟಕ್ಕೆ ಇಳಿಸಬಾರದು. ಈ ನಿರ್ಧಾರವನ್ನು ಅವನಿಗೇ ಬಿಡುವುದೂ ಸಲ್ಲ. ಏಕೆಂದರೆ ನಿರ್ಧರಿಸಬೇಕಾದ ಅಂಗಕ್ಕೇ ಪೆಟ್ಟು ಬಿದ್ದಿದೆ. ಅದು ತೀರ್ಪುಗಾರನ, ತರಬೇತುದಾರನ, ಶಾಲೆಯಲ್ಲಾದರೆ ದೈಹಿಕ ಶಿಕ್ಷಕರ ಕೆಲಸ. ಪ್ರೇಕ್ಷಕರು 'ಗಂಡಸಾದರೆ ಆಡು' ಎಂದು ಕೂಗುವಾಗ ಹುಡುಗನನ್ನು ಕೈ ಹಿಡಿದು ಹೊರಗೆ ಕರೆತರುವುದು ಸುಲಭವಲ್ಲ. ಪಂದ್ಯ ಸೋತರೆ ಬೈಗಳು ಬೀಳುವುದು ಆ ಶಿಕ್ಷಕರಿಗೇ.

ಮನೆಗೆ ಬಂದ ಮೇಲೂ ಒಂದೆರಡು ದಿನ ಅವನನ್ನು ಒಂಟಿಯಾಗಿ ಬಿಡಬಾರದು. ತಲೆನೋವು ಹೆಚ್ಚುತ್ತ ಹೋದರೆ, ವಾಂತಿ ಮರುಕಳಿಸಿದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲೆಂದು ಕಾಯದೆ ಹೊರಡಬೇಕು. ಹಾಗೇನೂ ಆಗದಿದ್ದರೆ ಒಂದೆರಡು ದಿನಗಳ ವಿಶ್ರಾಂತಿ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಓದು, ನಡಿಗೆ, ಶಾಲೆ. ಬಳಿಕ ಒಬ್ಬನೇ ಓಡುವುದು. ತಲೆನೋವು, ತಲೆಸುತ್ತು ಮರಳಿ ಬಾರದಿದ್ದರೆ ವೈದ್ಯರು ಒಪ್ಪಿದ ಮೇಲೆ ಕಟ್ಟಕಡೆಗೆ ಪಂದ್ಯ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಎಳೆಯರ ಮಿದುಳು ಕೆಲವೊಮ್ಮೆ ಹಠಾತ್ತನೆ ಊದಿಕೊಂಡು ಸಾವು ಸಂಭವಿಸುವುದುಂಟು. ಅದು ಅಪರೂಪ, ಆದರೆ ಅದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಹದಿಹರೆಯದವರು. ಮುಂದಿನ ಭಾನುವಾರ ಕುಮಟೆಯಲ್ಲಿ ಅಂತಿಮ ಪಂದ್ಯವಿದೆ ಎಂದರೂ, ಬುಧವಾರ ಪೆಟ್ಟು ತಿಂದ ಹುಡುಗ ಅಂದು ಗೆರೆಯ ಹೊರಗೆ ಕುಳಿತು ಅಂಕ ಬರೆಯಬೇಕಾಗುತ್ತದೆ.