‘ಮಾರಿದ ಮಾಲು ವಾಪಸ್ ಇಲ್ಲ’ ಅಂತ ಬೋರ್ಡ್ ಹಾಕಿದರೆ ಮುಗಿಯಿತೇ?

“ಆನ್‌ಲೈನ್‌ನಲ್ಲಿ ಕೊಂಡರೆ ಕಾನೂನಿನ ಪ್ರಕಾರ ಏಳು ದಿನದಲ್ಲಿ ವಾಪಸ್ ಕೊಡಬಹುದು. ಅಂಗಡಿಯಲ್ಲಿ ಕೊಂಡರೆ ಆ ಹಕ್ಕಿಲ್ಲ.” ಈ ಮಾತನ್ನು ನೀವೂ ಕೇಳಿರಬಹುದು. ಕೌಂಟರಿನ ಹಿಂದೆ ತೂಗುವ ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ’ ಎಂಬ ಬೋರ್ಡ್ ನೋಡಿದಾಗ ಇದು ನಿಜವೆಂದೇ ಅನ್ನಿಸುತ್ತದೆ. ಆದರೆ ಈ ಮಾತಿನ ಎರಡೂ ಭಾಗಗಳು ತಪ್ಪು. ಹೇಗೆ? ನೋಡೋಣ ಬನ್ನಿ.

ಇಷ್ಟವಾಗಲಿಲ್ಲವೋ, ಕೆಟ್ಟಿದೆಯೋ?

ವಸ್ತುವನ್ನು ವಾಪಸ್ ಕೊಡಲು ಎರಡು ಬಗೆಯ ಕಾರಣಗಳಿರುತ್ತವೆ. ಸೀರೆಯ ಬಣ್ಣ ಮನೆಗೆ ಬಂದ ಮೇಲೆ ಹಿಡಿಸಲಿಲ್ಲ ಎನ್ನುವುದು ಒಂದು. ಹೊಸ ಮಿಕ್ಸಿಯ ಜಾರ್ ಮೊದಲ ದಿನವೇ ಸೋರುತ್ತಿದೆ ಎನ್ನುವುದು ಇನ್ನೊಂದು.

ಮೊದಲನೆಯದಕ್ಕೆ ನಮ್ಮ ದೇಶದ ಗ್ರಾಹಕ ಕಾನೂನಿನಲ್ಲಿ ‘ಏಳು ದಿನ’ ಎಂಬ ನಿಯಮವೇ ಇಲ್ಲ. ಆನ್‌ಲೈನ್ ಕಂಪನಿಗಳು ಕೊಡುವ ಏಳು ಅಥವಾ ಹತ್ತು ದಿನಗಳ ರಿಟರ್ನ್ ಅವರೇ ಮಾಡಿಕೊಂಡ ವ್ಯವಸ್ಥೆ. ಹಾಗಾಗಿ ಅದು ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತದೆ. ಪರಿಚಯದ ಅಂಗಡಿಯವರು ‘ಟ್ಯಾಗ್ ಕೀಳಬೇಡಿ, ಬದಲಾಯಿಸಿ ಕೊಡ್ತೀವಿ’ ಎನ್ನುವುದೂ ಇಂಥದ್ದೇ.

ಎರಡನೆಯದು ಹಾಗಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಏನು ಹೇಳುತ್ತದೆ ಗೊತ್ತೇ? ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ‘ಅನುಚಿತ ವ್ಯಾಪಾರ ಪದ್ಧತಿ’. ಇದು ಅಂಗಡಿಗೂ ಅನ್ವಯ, ಆನ್‌ಲೈನ್‌ಗೂ ಅನ್ವಯ. ದೋಷವಿರುವ ಮಾಲಿಗೆ ಆ ಬೋರ್ಡ್ ಗುರಾಣಿಯಾಗದು.

ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಅಂಗಡಿಯಲ್ಲಿ ವಸ್ತುವನ್ನು ಮುಟ್ಟಿ, ತಿರುಗಿಸಿ, ಪ್ಲಗ್ ಹಾಕಿ ನೋಡಿ ಕೊಳ್ಳುತ್ತೇವೆ. ಆನ್‌ಲೈನ್‌ನಲ್ಲಿ ಫೋಟೋ ಮತ್ತು ವಿವರಣೆಯನ್ನು ನಂಬಿ ಕೊಳ್ಳುತ್ತೇವೆ. ಅದಕ್ಕಾಗಿಯೇ 2020ರ ಇ-ಕಾಮರ್ಸ್ ನಿಯಮಗಳು ಇನ್ನಷ್ಟು ರಕ್ಷಣೆ ಕೊಟ್ಟಿವೆ. ಬಂದ ವಸ್ತು ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರರು ವಾಪಸ್ ಬೇಡವೆನ್ನುವಂತಿಲ್ಲ. ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ತಲುಪಿದೆ ಎಂದು ಅವರು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅಂಗಡಿಯಲ್ಲಿ ನಾವು ಸೋಲುವುದು ಹೆಚ್ಚಾಗಿ ಬಿಲ್ಲಿನ ವಿಷಯದಲ್ಲಿ. ‘ಬಿಲ್ ಬೇಡ ಅಂದ್ರೆ ನೂರು ರೂಪಾಯಿ ಕಮ್ಮಿ ಮಾಡ್ತೀನಿ’ ಎಂದಾಗ ಒಪ್ಪಿಕೊಂಡುಬಿಡುತ್ತೇವೆ. ಆ ನೂರು ರೂಪಾಯಿಗೆ ನಾವು ಮಾರಿಕೊಳ್ಳುವುದು ನಮ್ಮ ಸಾಕ್ಷಿಯನ್ನು! ಆನ್‌ಲೈನ್‌ನಲ್ಲಾದರೆ ಬಿಲ್ ತಾನಾಗಿಯೇ ಫೋನಿನಲ್ಲಿ ಉಳಿಯುತ್ತದೆ.

ನಾವೇನು ಮಾಡಬೇಕು?

• ಎಲ್ಲಿ ಕೊಂಡರೂ ಬಿಲ್ ಕೇಳಿ ಪಡೆಯಿರಿ, ಅದರ ಫೋಟೋ ತೆಗೆದಿಡಿ.
• ಪಾರ್ಸೆಲ್ ತೆರೆಯುವಾಗ ವಿಡಿಯೋ ಮಾಡಿಕೊಳ್ಳಿ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.
• ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ವಂಚಕರ ನಂಬರುಗಳೂ ಇರುತ್ತವೆ. ಆಪ್‌ನ ಒಳಗಿಂದಲೇ ದೂರು ಕೊಡಿ. ರಿಫಂಡ್ ಪಡೆಯಲು ಓಟಿಪಿಯಾಗಲಿ ಯುಪಿಐ ಪಿನ್ ಆಗಲಿ ಯಾರಿಗೂ ಹೇಳಬೇಕಿಲ್ಲ.
• ಮಾರಿದವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.
• ಅಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಕಂಪನಿ ದೆಹಲಿಯಲ್ಲಿದ್ದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ಒಟ್ಟಿನಲ್ಲಿ, ಮನಸ್ಸು ಬದಲಾದರೆ ವಾಪಸ್ ಪಡೆಯುವುದು ಮಾರುವವರ ಸೌಜನ್ಯ. ಮಾಲು ಕೆಟ್ಟಿದ್ದರೆ ವಾಪಸ್ ಕೊಡುವುದು ನಮ್ಮ ಹಕ್ಕು. ‘ಅಂಗಡಿಯಲ್ಲಿ ಕೊಂಡರೆ ಹೋಯ್ತು’ ಎಂಬ ಸಂದೇಶ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಇಷ್ಟನ್ನು ಅದರ ಕೆಳಗೆ ಬರೆದುಬಿಡಿ.